ಮಗ್ಗಿ ಮುಗಿಯುವಷ್ಟು ಹೊತ್ತು

ನಮ್ಮ ಮನೆಯ ಮೀನು ವಿಶಾಖಪಟ್ಟಣದ ಸ್ಪರ್ಧೆಯಲ್ಲಿ ಗೆಲ್ಲುವುದು ಈ ಜನ್ಮದಲ್ಲಿ ಆಗದ ಮಾತು ಎಂದವಳು ಅನಕಾಪಲ್ಲಿಯ ದೊಡ್ಡತ್ತೆ, ನನ್ನ ಅಪ್ಪನ ಅಕ್ಕ. ಅದೇ ಮಧ್ಯಾಹ್ನ, ಅದೇ ಚಾಪೆಯ ಮೇಲೆ ಕೂತು, ಈ ಮನೆಯ ಹುಡುಗಿ ಹತ್ತನೇ ಕ್ಲಾಸು ದಾಟುವುದೂ ಆಗದ ಮಾತು ಎಂದಳು. ಎರಡರಲ್ಲಿ ಒಂದನ್ನು ನಾನು ಸುಳ್ಳು ಮಾಡಿದೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹುಡುಕಿದರೂ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ ಅದು. ಇನ್ನೊಂದು ಮಾತು ಮಾತ್ರ ಅವಳು ಹೇಳಿದ ಹಾಗೇ ಆಯಿತು. ಹಾಗೆ ಆಗುವುದರಲ್ಲಿ ನನ್ನ ಕೈಯೂ ಇತ್ತು.

ವಿಜಯವಾಡದ ಪಟಮಟದಲ್ಲಿ ನಾವಿದ್ದ ಆ ಮನೆ ದೊಡ್ಡತ್ತೆಯದು. ಅವಳ ಗಂಡ ಬದುಕಿದ್ದಾಗ ಕಟ್ಟಿಸಿದ್ದು. ದೊಡ್ಡತ್ತೆಯ ಮನೆಮಂದಿ ಬೆಲ್ಲದ ವ್ಯಾಪಾರ ಬಿಟ್ಟು ಅನಕಾಪಲ್ಲಿಯಿಂದ ಕದಲುವವರಲ್ಲ, ಹಾಗಾಗಿ ಇಲ್ಲಿ ನಾವಿದ್ದೆವು. ಮುಂದೊಂದು ಕೋಣೆ, ಹಿಂದೊಂದು ಉದ್ದನೆಯ ಅಡಿಗೆಮನೆ, ನಡುವೆ ಕದವಿಲ್ಲದ ಬಾಗಿಲಿಗೆ ಅವ್ವನ ಹಳೇ ಸೀರೆಯ ಪರದೆ, ಹಿತ್ತಲಲ್ಲಿ ಒಂದು ನಲ್ಲಿ, ನಲ್ಲಿಯ ಮೇಲೆ ಪಕ್ಕದ ಮನೆಯವರ ಬಾದಾಮಿ ಮರದ ನೆರಳು. ಅವ್ವ ಕಂಪ್ಲಿಯವಳು. ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಿಗೆ ಲಾರಿಯ ಜೊತೆ ಓಡಾಡುತ್ತಿದ್ದ ಅಪ್ಪ ಅಲ್ಲಿ ಅವಳನ್ನು ನೋಡಿ, ಮದುವೆಯಾಗಿ, ವಿಜಯವಾಡಕ್ಕೆ ಕರೆತಂದಿದ್ದ. ಅವಳ ತೆಲುಗು ತರಕಾರಿ ಕೊಳ್ಳುವಷ್ಟು, ಗಂಡನ ಅಕ್ಕನ ಬೈಗುಳ ಅರ್ಥವಾಗುವಷ್ಟು ಬೆಳೆಯಿತು. ತಿರುಗಿ ಬೈಯುವಷ್ಟು ಬೆಳೆಯಲಿಲ್ಲ. ನಾನು ತೆಲುಗು ಮೀಡಿಯಂ. ಕನ್ನಡ ಅವ್ವನ ಬಾಯಿಂದ ಬಂದದ್ದು, ಅದರ ಅಕ್ಷರಗಳನ್ನು ಬಹಳ ವರ್ಷದ ಮೇಲೆ ನಾನಾಗಿ ಕಲಿತೆ. ಅದಕ್ಕೋ ಏನೋ, ದೊಡ್ಡತ್ತೆ ತೆಲುಗಿನಲ್ಲಿ ಆಡಿದ್ದೂ ನಾನು ತೆಲುಗಿನಲ್ಲಿ ಓದಿದ್ದೂ ನನಗೆ ಕನ್ನಡದಲ್ಲೇ ನೆನಪಾಗುತ್ತದೆ.

ಮೀನು ಮನೆಗೆ ಬಂದದ್ದು ಅಪ್ಪನಿಂದ. ಲಾರಿ ಬಿಟ್ಟು ಗವರ್ನರ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳಿಗೆ ಸಾಮಾನು ಸಾಗಿಸುವ ಆಟೊ ಹಿಡಿದಿದ್ದ ಅವನು. ಬಣ್ಣದ ಮೀನು ಮಾರುವ ಅಂಗಡಿಯವನೊಬ್ಬ ಎಸೆಯಲು ಇಟ್ಟಿದ್ದ ಎರಡು ಸೊರಗಿದ ಫೈಟರ್ ಮೀನುಗಳನ್ನು, ಮಗು ಆಡಿಕೊಳ್ಳಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದ. ನಾನು ಎರಡು ದಿನ ಆಡಿ ಮರೆತೆ. ಅವ್ವ ಮರೆಯಲಿಲ್ಲ. ತುಂಗಭದ್ರೆಯ ದಡದಲ್ಲಿ ಬೆಳೆದವಳು, ಆ ಊರಲ್ಲಿ ನೀರು ಎಂದರೆ ಅವಳಿಗೆ ಹೊಳೆ, ಇಲ್ಲಿ ಬಿಂದಿಗೆ. ಬಿಂದಿಗೆಯ ನೀರನ್ನು ಒಂದು ದಿನ ಬಿಸಿಲಿಗಿಟ್ಟು ಔಷಧಿಯ ವಾಸನೆ ಹೋಗಿಸುವುದು, ಬಾದಾಮಿಯ ಒಣಗಿದೆಲೆ ಹಾಕಿ ಅದು ತಿಳಿ ಚಹಾದ ಬಣ್ಣಕ್ಕೆ ತಿರುಗುವವರೆಗೆ ಕಾಯುವುದು, ಚರಂಡಿಯ ಸೊಳ್ಳೆಮರಿ ಸೋಸಿ ತೊಳೆದು ತಿನ್ನಿಸುವುದು, ಎಲ್ಲವನ್ನೂ ಅಂಗಡಿಯವನನ್ನು ಕೇಳಿ ಕೇಳಿ ಕಲಿತಳು. ಗಂಡು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿತು, ಮೊಟ್ಟೆಗಳಾದವು, ಸೂಜಿಯ ಮೊನೆಯಂಥ ಮರಿಗಳಾದವು. ಮೂರು ವರ್ಷ ಕಳೆಯುವಷ್ಟರಲ್ಲಿ ಅಡಿಗೆಮನೆಯ ಸಿಮೆಂಟಿನ ಹಲಗೆಯ ಮೇಲೆ, ಉಪ್ಪು ಹುಣಸೆ ಡಬ್ಬಿಗಳನ್ನು ಒತ್ತರಿಸಿ, ಬಿಸ್ಕತ್ತು ಅಂಗಡಿಯ ಹಳೇ ಗಾಜಿನ ಬರಣಿಗಳು ಹದಿನೆಂಟು ನಿಂತವು. ಒಂದೊಂದರಲ್ಲಿ ಒಂದೊಂದು ಗಂಡು. ಎರಡನ್ನು ಕೂಡಿಸಿದರೆ ಕೊಂದುಕೊಳ್ಳುತ್ತವೆ. ಹದಿನೆಂಟರಲ್ಲಿ ಒಂದು ಬರಣಿ ಈಗ ನನ್ನ ಅಡಿಗೆಮನೆಯಲ್ಲಿದೆ, ಬೆಲ್ಲ ಇಡುತ್ತೇನೆ. ಉಳಿದವು ಮೀನಿನ ಸಮೇತ ಸ್ಪರ್ಧೆ ಮುಗಿದ ಮೇಲಿನ ಸಂಕ್ರಾಂತಿಗೆ ಅಂಗಡಿಗೆ ಹೋದವು.

ಬರಣಿಗೂ ಬರಣಿಗೂ ನಡುವೆ ಒಂದು ರಟ್ಟು ಇರುತ್ತಿತ್ತು. ಹಳೇ ಮದುವೆ ಕಾರ್ಡುಗಳಿಂದ ಅವ್ವ ಕತ್ತರಿಸಿದ್ದು. ಒಂದನ್ನೊಂದು ನೋಡಬಾರದು, ನೋಡಿದರೆ ಕೆರಳುತ್ತವೆ. ಆದರೆ ಸ್ಪರ್ಧೆಗೆ ತಯಾರಾಗುವ ಮೀನು ದಿನಕ್ಕೊಮ್ಮೆ ಕೆರಳಲೇಬೇಕು. ರಟ್ಟು ಎತ್ತಿದರೆ ಅದು ಎದುರಿನವನನ್ನು ಕಂಡು ಕಿವಿರು ಬಿಚ್ಚಿ, ಬಾಲವನ್ನು ಬೀಸಣಿಗೆಯಂತೆ ಅಗಲಿಸಿ, ಅಲ್ಲೇ ನಡುಗುತ್ತ ನಿಲ್ಲುತ್ತದೆ. ದಿನಾ ಹೀಗೆ ಮಾಡಿಸಿದರೆ ಬಾಲ ಪೂರ್ತಿ ತೆರೆದುಕೊಳ್ಳುವುದನ್ನು ಕಲಿಯುತ್ತದೆ. ಜಡ್ಜ್ ನೋಡುವುದು ಅದನ್ನೇ. ಐದು ನಿಮಿಷ ಸಾಕು. ಹೆಚ್ಚಾದರೆ ಮೀನು ಸುಸ್ತಾಗಿ, ತನ್ನ ಭಾರಕ್ಕೇ ಬಾಲ ಸೀಳಿಕೊಳ್ಳುತ್ತದೆ. ನಮ್ಮ ಮನೆಯ ಗಡಿಯಾರ ನಿಂತು ಎಷ್ಟೋ ದಿನವಾಗಿತ್ತು. ನಡೆಯುತ್ತಿದ್ದರೂ ಅವ್ವನಿಗೆ ಅದನ್ನು ನೋಡಲು ಬರುತ್ತಿರಲಿಲ್ಲ. ಅವಳ ಗಡಿಯಾರ ನಾನು.

"ಲಲ್ಲಿ, ರಟ್ಟು ಎತ್ತೀನಿ. ಸುರು ಮಾಡವ್ವಾ."

ನಾನು ಬರಣಿಗಳ ಮುಂದೆ ಮಣೆ ಹಾಕಿ ಕೂತು ಹನ್ನೆರಡರ ಮಗ್ಗಿಯಿಂದ ಹದಿನಾರರವರೆಗೆ ಗಟ್ಟಿಯಾಗಿ ಹೇಳಬೇಕು. ಸ್ಕೂಲಿನಲ್ಲಿ ಕಲಿಸಿದ ತೆಲುಗು ಮಗ್ಗಿ. ಅವ್ವನಿಗೆ ಅಂಕಿ ತಿಳಿಯದು, ರಾಗ ತಿಳಿಯುತ್ತಿತ್ತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ಎಲೆ ತೊಳೆಯುತ್ತ ಇದ್ದವಳು ಹದಿನಾರರ ಮಗ್ಗಿ ಇಳಿಯುವ ಹೊತ್ತಿಗೆ ಸರಿಯಾಗಿ ಕೈ ಒರೆಸಿಕೊಳ್ಳುತ್ತ ಬಂದು ರಟ್ಟು ಇಳಿಸುತ್ತಿದ್ದಳು. ಒಂದು ಜೋಡಿ ಮುಗಿದರೆ ಇನ್ನೊಂದು ಜೋಡಿಗೆ ಮತ್ತೆ ಹನ್ನೆರಡರಿಂದ. ಮಗ್ಗಿ ಬೇಸರವಾದರೆ ಪದ್ಯ, ಪದ್ಯ ಮುಗಿದರೆ ಸೋಶಿಯಲ್ಲಿನ ಎರಡು ಪುಟ. ಅಕ್ಬರನ ಆಳ್ವಿಕೆ ಎಷ್ಟು ನಿಮಿಷ, ಮಣ್ಣಿನ ವಿಧಗಳು ಎಷ್ಟು ನಿಮಿಷ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕ್ಲಾಸಿಗೆ ಮೊದಲು ಬರಲು ಶುರುವಾದದ್ದು ಹೀಗೆ. ಟ್ಯೂಷನ್ನಿನಿಂದಲ್ಲ, ಬುದ್ಧಿಯಿಂದಲೂ ಅಲ್ಲ. ದಿನಕ್ಕೆ ಒಂಬತ್ತು ಜೋಡಿ ಮೀನಿಗೆ ಓದಿ ಹೇಳಿದರೆ ಯಾರಿಗಾದರೂ ಬಾಯಿಪಾಠ ಬರುತ್ತದೆ.

ಹದಿನೆಂಟರಲ್ಲಿ ಒಬ್ಬನಿದ್ದ. ಕಡು ನೀಲಿ, ಬಾಲದ ಅಂಚಿಗೆ ಕುಂಕುಮದಂಥ ಗೆರೆ. ಬಿಚ್ಚಿದರೆ ಬಾಲ ಸರಿಯಾಗಿ ಅರ್ಧ ಚಂದ್ರ. ಅವನಿಗೆ ಅವ್ವ ಧಣಿ ಎಂದು ಹೆಸರಿಟ್ಟಳು. ಅವಳ ಊರಿನಲ್ಲೊಬ್ಬ ಧಣಿ ಪಂಚೆಯ ಅಂಚು ಹಿಡಿದು ಹೀಗೇ ತಿರುಗಾಡುತ್ತಿದ್ದನಂತೆ. ಅಂಗಡಿಯವನು ಮನೆಗೇ ಬಂದು ಧಣಿಯನ್ನು ನೋಡಿ, ವಿಶಾಖಪಟ್ಟಣದಲ್ಲಿ ದೊಡ್ಡ ಸ್ಪರ್ಧೆ ನಡೆಯುತ್ತದೆ, ಇವನನ್ನು ಕಳಿಸಿ, ಫಾರಂ ನಾನು ತುಂಬುತ್ತೇನೆ ಎಂದ. ಅವ್ವ ಆ ದಿನ ಸೊಳ್ಳೆಮರಿ ಹಿಡಿಯುವುದಕ್ಕೂ ಒಳ್ಳೆ ಸೀರೆ ಉಟ್ಟು ಹೋದಳು.

ದೊಡ್ಡತ್ತೆ ಬಂದದ್ದು ಆಗಲೇ. ವರ್ಷಕ್ಕೆರಡು ಸಲ ಮನೆ ನೋಡಿಕೊಂಡು ಹೋಗಲು ಬರುತ್ತಿದ್ದಳು, ಜೊತೆಗೊಂದು ಗಂಟು ಬೆಲ್ಲ. ಅಡಿಗೆಮನೆಗೆ ಕಾಲಿಟ್ಟು, ಬರಣಿಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಏನು ಮರದಲಾ, ಅನ್ನ ಇಡೋ ಜಾಗದಲ್ಲಿ ಇದೇನು? ಹುರಿದು ತಿನ್ನೋಕಾದರೂ ಬರುತ್ತಾ?"

"ಸ್ಪರ್ಧೆಗೆ ಹೊಂಟಾವ ಒದಿನಾ," ಎಂದಳು ಅವ್ವ. ತೆಲುಗಿನಲ್ಲಿ ತಮ್ಮನ ಹೆಂಡತಿ ಮರದಲು, ಗಂಡನ ಅಕ್ಕ ಒದಿನ, ಅವ್ವನ ಮಟ್ಟಿಗೆ ಮರ್ಯಾದೆಯ ಮಾತು ಅದೊಂದೇ ಗಟ್ಟಿಯಾಗಿ ಬರುತ್ತಿತ್ತು.

"ಮೀನು ಸ್ಪರ್ಧೆಗೆ, ಮಗಳು ಕಲೆಕ್ಟರ್ ಆಫೀಸಿಗೆ," ಎಂದಳು ದೊಡ್ಡತ್ತೆ. ಆಮೇಲೆ ಚಾಪೆ ಹಾಕಿಸಿಕೊಂಡು ಕೂತು, ಮೊದಲು ಹೇಳಿದ ಆ ಎರಡು ಮಾತು ಹೇಳಿದಳು. ಕೊನೆಗೆ, ಅಪ್ಪನ ಕಡೆ ತಿರುಗಿ, ತೀರ್ಮಾನ. ವಿಶಾಖದಲ್ಲಿ ಬಹುಮಾನ ಬಂದರೆ ಇಟ್ಟುಕೊಳ್ಳಲಿ, ಬರದಿದ್ದರೆ ಸಂಕ್ರಾಂತಿಯೊಳಗೆ ಹಲಗೆ ಖಾಲಿಯಾಗಬೇಕು, ನನ್ನ ಮನೆಯಲ್ಲಿ ಚರಂಡಿಯ ಹುಳ ಬೇಡ. ಅಪ್ಪ ತಲೆ ಕೆರೆದುಕೊಂಡ. ಅವಳು ಹೋದ ಮೇಲೆ ಅವ್ವ ಅವನ ಮುಖ ನೋಡಿದಾಗ ಅವನು ಹೇಳಿದ್ದು ಇಷ್ಟೇ:

"ಅಕ್ಕ ಹೇಳಿದಾಳೆ. ನಾನು ಏನು ಹೇಳೋದು?"

ಅವ್ವ ಜಗಳವಾಡಲಿಲ್ಲ. ಜಗಳವಾಡಲು ನಮಗೆ ಬೇರೆ ಮನೆ ಇರಲಿಲ್ಲ. ಮರುದಿನದಿಂದ ಧಣಿಯ ನೀರು ದಿನ ಬಿಟ್ಟು ದಿನ ಬದಲಾಗುತ್ತಿದ್ದದ್ದು ದಿನವೂ ಬದಲಾಯಿತು, ಅಷ್ಟೇ.

ಇನ್ನು ಒಂದು ತಿಂಗಳಿದೆ ಎನ್ನುವಾಗ, ಒಂದು ಭಾನುವಾರದ ಮಧ್ಯಾಹ್ನ, ಅವ್ವ ಧಣಿಯ ರಟ್ಟು ಎತ್ತಿಟ್ಟು ಹಿತ್ತಲಿಗೆ ಹೋದಳು. ನಾನು ಮಣೆಯ ಮೇಲೆ ಕೂತು ಹನ್ನೆರಡು ಮುಗಿಸಿ ಹದಿಮೂರಕ್ಕೆ ಬಂದಿದ್ದೆ. ಕಾಲ ಹತ್ತಿರ ದೊಡ್ಡತ್ತೆಯ ಬೆಲ್ಲ ಸುತ್ತಿ ಬಂದಿದ್ದ ಕಾಗದ ಬಿದ್ದಿತ್ತು. ಯಾವುದೋ ತೆಲುಗು ವಾರಪತ್ರಿಕೆಯ ಹಾಳೆ, ಬೆಲ್ಲದ ಅಂಟಿನಿಂದ ಮೂಲೆ ಪಾರದರ್ಶಕವಾಗಿತ್ತು. ಮೊದಲೂ ಇಲ್ಲದ ಕೊನೆಯೂ ಇಲ್ಲದ ಕಥೆಯ ಒಂದು ಪುಟ. ಒಬ್ಬ ಹೆಂಗಸು ದೋಣಿಯಿಂದ ಇಳಿದು ತನ್ನ ಮನೆಗೆ ಬರುತ್ತಾಳೆ, ಬೀಗ ತೆಗೆದಿದೆ, ಒಳಗೆ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಯಾರು ಎಂದು ತಿಳಿಯುವ ಮೊದಲೇ ಪುಟ ಹರಿದಿತ್ತು. ಹಿಂಬದಿ ತಿರುಗಿಸಿದೆ, ಅಲ್ಲಿ ಬೇರೆ ಕಥೆ. ಅದನ್ನೂ ಓದಿದೆ. ಮತ್ತೆ ಮುಂದಿನ ಬದಿ. ಬಾಯಿ ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ನಂಬುವುದು ಕಷ್ಟ, ಆದರೆ ಹನ್ನೊಂದು ವರ್ಷದ ನನಗೆ ಬಾಯಿ ಮುಚ್ಚಿಕೊಂಡು ಓದಬಹುದು ಎಂಬುದೇ ತಿಳಿದಿರಲಿಲ್ಲ. ಸ್ಕೂಲಿನಲ್ಲಿ ಎಲ್ಲರೂ ಸೇರಿ ಕೂಗಿ ಓದುತ್ತಿದ್ದೆವು, ಮನೆಯಲ್ಲಿ ಮೀನಿಗಾಗಿ ಕೂಗಿ ಓದುತ್ತಿದ್ದೆ. ಅವತ್ತು ಮೊದಲ ಸಲ ಅಕ್ಷರ ಶಬ್ದವಿಲ್ಲದೆ ನನ್ನೊಳಗೆ ಹೋಯಿತು. ಆ ಹೆಂಗಸಿನ ಮನೆಯ ಹೊಸ್ತಿಲಲ್ಲಿ ನಾನೇ ನಿಂತಿದ್ದೆ. ನಮ್ಮ ಅಡಿಗೆಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಸದ್ದಿಲ್ಲವೆಂದರೆ ಮಗು ನೀರು ಕುಡಿಯಲು ಎದ್ದಿದೆ, ರಟ್ಟು ತಾನೇ ಇಳಿಸಿ ಎದ್ದಿರುತ್ತದೆ ಎಂದುಕೊಂಡು ಹಿತ್ತಲಲ್ಲಿ ಅವ್ವ ಬಾದಾಮಿ ಎಲೆ ಆರಿಸುತ್ತಿದ್ದಳು.

ತಲೆ ಎತ್ತಿದಾಗ ಕಿಟಕಿಯ ಬಿಸಿಲು ನೆಲದಿಂದ ಗೋಡೆಗೇರಿತ್ತು. ಧಣಿ ಬರಣಿಯ ತಳಕ್ಕೆ ಒರಗಿದ್ದ. ಬಾಲ ನಡುವೆ ಸೀಳಿ, ಒಂದು ತುಂಡು ದಾರದಂತೆ ಜೋಲುತ್ತಿತ್ತು. ನಾನು ಮೊದಲು ಮಾಡಿದ ಕೆಲಸ ರಟ್ಟು ಇಳಿಸಿದ್ದು. ಎರಡನೆಯದು ಕೂಗಿದ್ದು.

ಅವ್ವ ಒದ್ದೆ ಕೈಯಲ್ಲಿ ಬಂದು ಬರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಹೆಂಗಾತು?"

"ಅದೇ ಕಚ್ಕೊಂತು. ನಾ ನೋಡಿದೆ."

ಹಾಗೆ ತಮ್ಮ ಬಾಲ ತಾವೇ ಕಚ್ಚಿಕೊಳ್ಳುವ ಮೀನುಗಳು ಇರುತ್ತವೆ. ಅದು ಗೊತ್ತಿದ್ದೇ ಹೇಳಿದೆ.

"ನಿನ್ನ ದನಿ ಯಾಕ ನಿಂತಿತ್ತು?"

"ಗಂಟಲು ಕಟ್ಟಿತ್ತು."

ಅವ್ವ ನನ್ನ ಮುಖ ನೋಡಿದಳು, ನನ್ನ ಕಾಲ ಹತ್ತಿರದ ಕಾಗದ ನೋಡಿದಳು, ಅದನ್ನೆತ್ತಿ ನಾಲ್ಕು ಮಡಿಕೆ ಮಾಡಿ ಹುಣಸೆ ಡಬ್ಬಿಯ ಹಿಂದಿಟ್ಟಳು. ಆಮೇಲೆ ಒಲೆ ಹೊತ್ತಿಸಿ ಮೆಣಸು ಶುಂಠಿ ಕುಟ್ಟಿ, ದೊಡ್ಡತ್ತೆಯ ಬೆಲ್ಲ ಹಾಕಿ ಕಷಾಯ ಮಾಡಿದಳು. ಲೋಟ ಕೈಗಿಟ್ಟಳು. ಇಲ್ಲದ ಗಂಟಲುನೋವಿಗೆ ಮೂರು ದಿನ, ಹೊತ್ತಿಗೊಂದು ಲೋಟ, ಅವಳ ಕಣ್ಣೆದುರು ಕೂತು ಕುಡಿದೆ. ಹೊಡೆದಿದ್ದರೆ ಅತ್ತು ನಿಜ ಹೇಳಿಬಿಡುತ್ತಿದ್ದೆ. ಕಷಾಯ ಕುಡಿಸುವವಳ ಮುಂದೆ ನಿಜ ಹೇಳುವುದು ಹೇಗೆ?

ಮೀನಿನ ಬಾಲಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ. ಕಟ್ಟು ಹಾಕಲಾಗದು, ಮುಟ್ಟಲಾಗದು, ಮಲಗು ಎನ್ನಲಾಗದು. ಒಂದು ಚಿಟಿಕೆ ಕಲ್ಲುಪ್ಪು, ಹೊಸ ಎಲೆ, ದಿನಾ ಶುದ್ಧ ನೀರು, ಉಳಿದದ್ದು ಕಾಯುವುದು. ಮೊದಲ ವಾರ ಜೋಲುತ್ತಿದ್ದ ತುಂಡು ಉದುರಿತು. ಎರಡನೇ ವಾರ ಸೀಳಿನ ಅಂಚಿನಲ್ಲಿ ಈರುಳ್ಳಿ ಪೊರೆಯಂಥ ಬಣ್ಣವಿಲ್ಲದ ಚರ್ಮ ಬೆಳೆಯಿತು. ಅವ್ವ ದಿನಕ್ಕೆ ಹತ್ತು ಸಲ ಬರಣಿಯನ್ನು ಬೆಳಕಿಗೆ ಹಿಡಿದು, ಇದಕ್ಕ ನೀಲಿ ಯಾವಾಗ ಬರತೈತಿ ಎಂದು ನನ್ನನ್ನು ಕೇಳುತ್ತಿದ್ದಳು, ನಾನು ಓದಿದವಳಲ್ಲವೇ. ನನ್ನ ಪುಸ್ತಕಗಳಲ್ಲಿ ಅದು ಇರಲಿಲ್ಲ. ಬರತೈತಿ ಅವ್ವಾ, ಬರತೈತಿ ಎನ್ನುತ್ತಿದ್ದೆ. ಕೊನೆಯ ವಾರ ಮತ್ತೆ ದಿನಕ್ಕೊಂದೇ ಒಂದು ಮಗ್ಗಿಯಷ್ಟು ಹೊತ್ತು ರಟ್ಟು ಎತ್ತಲು ಶುರು ಮಾಡಿದೆವು. ಹದಿಮೂರರದು. ಈಗ ಅವ್ವ ಹಿತ್ತಲಿಗೆ ಹೋಗುತ್ತಿರಲಿಲ್ಲ. ರಟ್ಟು ಕೈಯಲ್ಲೇ ಹಿಡಿದು ನನ್ನ ಬಾಯಿ ನೋಡುತ್ತ ನಿಂತಿರುತ್ತಿದ್ದಳು.

ಸ್ಪರ್ಧೆಗೆ ಹೋಗುವ ಮೀನಿಗೆ ಎರಡು ದಿನ ಮೊದಲೇ ಆಹಾರ ನಿಲ್ಲಿಸಬೇಕು, ದಾರಿಯಲ್ಲಿ ನೀರು ಕೆಡಬಾರದೆಂದು. ಅವ್ವನೂ ಊಟ ಬಿಟ್ಟಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಬೆಳಗಿನ ರೈಲಿನಲ್ಲಿ ನಾವಿಬ್ಬರೇ ಹೊರಟೆವು, ಅಪ್ಪನಿಗೆ ಆಟೊ ಬಿಡಲಾಗಲಿಲ್ಲ. ಗಾಳಿ ತುಂಬಿ ಕಟ್ಟಿದ ಕವರಿನಲ್ಲಿ ಧಣಿ, ಕವರಿನ ಸುತ್ತ ಕಪ್ಪು ಬಟ್ಟೆ, ಅದರ ಸುತ್ತ ಅವ್ವನ ಎರಡೂ ಕೈ. ಗೋದಾವರಿ ಸೇತುವೆಯ ಮೇಲೆ ಎಲ್ಲರೂ ಕಿಟಕಿಯಿಂದ ಕಾಸು ಎಸೆದು ಕೈಮುಗಿದರು. ಅವ್ವನ ಕೈ ಖಾಲಿ ಇರಲಿಲ್ಲ.

"ನನ್ನ ಪಾಲಿಂದೂ ನೀನ ಮುಗಿ," ಎಂದಳು.

ಮುಗಿದೆ. ಬಾಲಕ್ಕೆ ಬಣ್ಣ ಬರಲಿ ಎಂದು ಕೇಳಿಕೊಂಡೆನೋ, ನನ್ನ ಸುಳ್ಳು ಹೊರಗೆ ಬಾರದಿರಲಿ ಎಂದು ಕೇಳಿಕೊಂಡೆನೋ, ಈಗ ನೆನಪಿಲ್ಲ. ಅನಕಾಪಲ್ಲಿಯಲ್ಲಿ ದೊಡ್ಡತ್ತೆ ಹತ್ತಿದಳು. ತೀರ್ಮಾನ ಕೊಟ್ಟವಳು, ಫಲಿತಾಂಶವನ್ನು ಕಣ್ಣಾರೆ ನೋಡಬೇಕಲ್ಲ. ಅವ್ವನ ಮುಖ ನೋಡಿ, ಏನು ಮರದಲಾ, ಮೀನಿಗಿಂತ ನೀನೇ ಸೊರಗಿದೀಯ ಎಂದು ಒಂದು ಬಾಳೆಹಣ್ಣು ಸುಲಿದು ಬಲವಂತವಾಗಿ ಬಾಯಿಗಿಟ್ಟಳು. ಅವ್ವ ತಿಂದಳು.

ಸ್ಪರ್ಧೆ ಇದ್ದದ್ದು ಸಮುದ್ರದ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಬಹುಮಾನದ ಕಪ್ಪುಗಳು, ಕೆಳಗೆ ಉದ್ದನೆಯ ಮೇಜುಗಳ ಮೇಲೆ ಚೌಕದ ಗಾಜಿನ ಪೆಟ್ಟಿಗೆಗಳು, ನಡುನಡುವೆ ಬಿಳಿ ರಟ್ಟು. ನಮ್ಮ ಮದುವೆ ಕಾರ್ಡಿನ ಹಾಗೆ ಅವುಗಳ ಮೇಲೆ ಗಣಪತಿ ಇರಲಿಲ್ಲ. ಧಣಿಯ ಪೆಟ್ಟಿಗೆ ಮೂರನೇ ಸಾಲಿನಲ್ಲಿ. ಹೊಸ ಅಂಚಿಗೆ ನೀಲಿ ಬಂದಿತ್ತು, ಆದರೆ ತೊಳೆದು ತೊಳೆದು ಮಾಸಿದ ಬಟ್ಟೆಯ ನೀಲಿ. ಜಡ್ಜ್ ಬಿಳಿ ಅಂಗಿಯ ಮನುಷ್ಯ, ಕೈಯಲ್ಲೊಂದು ಸಣ್ಣ ಟಾರ್ಚು. ಅವರು ಬಂದು ನಿಂತಾಗ ಒಬ್ಬ ರಟ್ಟು ಎತ್ತುತ್ತಿದ್ದ, ಮೀನು ಕೆರಳಿ ಅರಳುತ್ತಿತ್ತು, ಅವರು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ನಮ್ಮ ಸರದಿ ಬಂತು. ರಟ್ಟು ಎದ್ದಿತು. ಪಕ್ಕದ ಪೆಟ್ಟಿಗೆಯ ಕೆಂಪು ಮೀನು ಮೈಯೆಲ್ಲ ಬಿಚ್ಚಿ ನಿಂತಿತು. ಧಣಿ ಅದನ್ನು ನೋಡಿದ, ತಿರುಗಿ ಮೂಲೆಗೆ ಹೋದ.

ಅವ್ವ ನನ್ನ ಬೆನ್ನಿಗೆ ಕೈ ಹಚ್ಚಿ ತಳ್ಳಿದಳು.

"ಮಗ್ಗಿ ಹೇಳು."

ಅಷ್ಟು ಜನರ ಮುಂದೆ ನನ್ನ ಬಾಯಿ ಕಟ್ಟಿತು. ಈ ಸಲ ನಿಜವಾಗಿ. ಅವ್ವ ಇನ್ನೊಮ್ಮೆ ತಳ್ಳಿದ ಮೇಲೆ ಶುರು ಮಾಡಿದೆ. ಹದಿಮೂರೊಂದ್ಲ ಹದಿಮೂರು. ಯಾರೋ ನಕ್ಕರು. ಹದಿಮೂರೆರಡ್ಲ ಇಪ್ಪತ್ತಾರು. ರಟ್ಟು ಎತ್ತುವವನು ನನ್ನನ್ನೂ ಅವ್ವನನ್ನೂ ನೋಡಿದ. ದೊಡ್ಡತ್ತೆ, ಇದೇನು ಮಂತ್ರವಾ ಎಂದಳು. ಮೀನಿಗೆ ಮಗ್ಗಿ ಕೇಳಿಸುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಹದಿಮೂರೆಂಟ್ಲ ನೂರಾ ನಾಲ್ಕು ಎನ್ನುವ ಹೊತ್ತಿಗೆ ಧಣಿ ಮೂಲೆಯಿಂದ ಹೊರಗೆ ಬಂದ. ಕಿವಿರು ಬಿಚ್ಚಿದ, ಬಾಲ ಅಗಲಿಸಿದ, ಪೂರ್ತಿ ಅರ್ಧ ಚಂದ್ರ, ನಡುವೆ ಆ ಮಾಸಿದ ಸೀಳಿನ ಗುರುತು. ಮನೆಯಲ್ಲಿ ಎಂದೂ ನಿಂತಿರದಂತೆ ನಿಂತ. ಜಡ್ಜ್ ಆಗಲೇ ಎರಡು ಪೆಟ್ಟಿಗೆ ಆಚೆ ಹೋಗಿದ್ದರು. "ನೋಡ್ರಿ, ಒಂದೀಟು ಇತ್ತ ನೋಡ್ರಿ," ಎಂದು ಅವ್ವ ಕನ್ನಡದಲ್ಲೇ ಅವರ ಬೆನ್ನಿಗೆ ಹೇಳುತ್ತಿದ್ದಳು. ಅವರು ತಿರುಗಲಿಲ್ಲ. ರಟ್ಟು ಇಳಿಯಿತು.

ಸಂಜೆ ಕಪ್ಪುಗಳೆಲ್ಲ ಬೇರೆಯವರ ಕೈಗೆ ಹೋದವು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕಾಗದ ಕೊಡತೊಡಗಿದರು. ನಮ್ಮ ನಂಬರು ಕೂಗಿದಾಗ ಅವ್ವ ಸೆರಗು ಹೊದ್ದು ಹೋಗಿ ಎರಡೂ ಕೈಯಲ್ಲಿ ಈಸಿಕೊಂಡಳು. ದಪ್ಪ ಕಾಗದ, ಸುತ್ತ ಬಂಗಾರದ ಬಣ್ಣದ ಗೆರೆ, ನಡುವೆ ಒಂದು ಮೀನಿನ ಚಿತ್ರ. ತಲೆಕೆಳಗಾಗಿ ಹಿಡಿದಿದ್ದಳು. ಮೀನು ನೋಡಿ ಸರಿ ಮಾಡಿಕೊಂಡಳು. ದೊಡ್ಡತ್ತೆಯೂ ಬಗ್ಗಿ ನೋಡಿದಳು, ಅವಳಿಗೂ ಓದು ಬಾರದು.

"ಏನಂತೆ? ಬಹುಮಾನ ಬಂತಾ, ಇಲ್ಲವಾ?"

ಅವ್ವ ಅದನ್ನು ನನ್ನ ಕೈಗೆ ಕೊಟ್ಟಳು. ತೆಲುಗಿನಲ್ಲಿ ನಾಲ್ಕು ಸಾಲು, ನಡುವೆ ಪೆನ್ನಿನಲ್ಲಿ ಬರೆದ ಅವ್ವನ ಹೆಸರು. ಮೊದಲ ಸಾಲಿಗೇ ನನಗೆ ತಿಳಿಯಿತು. ಭಾಗವಹಿಸಿದ್ದಕ್ಕೆ, ಅಷ್ಟೇ. ಬಂದವರೆಲ್ಲರಿಗೂ ಕೊಡುವುದು. ನಾಲ್ಕೂ ಸಾಲು ಓದಿದೆ, ಮತ್ತೆ ಮೊದಲಿನಿಂದ ಓದಿದೆ. ಹದಿನೆಂಟು ಬರಣಿ ಕಣ್ಣಿಗೆ ಬಂದವು. ಬಹುಮಾನ ಎಂದು ಓದಿದರೂ ಇಬ್ಬರಿಗೂ ತಿಳಿಯುವಂತಿರಲಿಲ್ಲ. ಆದರೆ ಹಾಗಿದ್ದರೆ ಕಪ್ಪು ಎಲ್ಲಿ ಎಂದು ದೊಡ್ಡತ್ತೆ ಕೇಳದೆ ಬಿಡುವವಳಲ್ಲ. ನಾನು ತಲೆ ಎತ್ತಲಿಲ್ಲ.

"ಈ ಹುಡುಗಿಗೆ ಓದೋಕೆ ಬರುತ್ತೋ ಇಲ್ಲವೋ," ಎಂದಳು ದೊಡ್ಡತ್ತೆ.

"ಬರತೈತಿ ಒದಿನಾ," ಎಂದಳು ಅವ್ವ. ಅವಳ ಕೈ ನನ್ನ ನೆತ್ತಿಯ ಮೇಲಿತ್ತು. "ಇಕಿ ಮನಸ್ನಾಗ ಓದತಾಳ. ಆವತ್ತು ಧಣಿ ಬಾಲ ಹರಕೊಂಡಾಗೂ ಹಂಗ ಓದಾಕತ್ತಿದ್ಲು. ಈಗರ ಗಟ್ಟಿಗೆ ಓದವ್ವಾ, ನಮಗೂ ಕೇಳ್ಲಿ."